ಅಮಾವಾಸ್ಯೆ ರಜೆಯ ಅಂಗಡಿ

ನಮ್ಮತ್ತೆ ಮೊಟ್ಟಮೊದಲ ಬಾರಿಗೆ ಹೊರಗಿನ ಹೆಂಗಸೊಬ್ಬಳನ್ನು ಸಂಬಳಕ್ಕೆ ಇಟ್ಟುಕೊಂಡಾಗ ಅವರ ತಲೆ ಅರ್ಧ ನರೆತಿತ್ತು. ಅಲ್ಲಿಯವರೆಗೆ ನಮ್ಮ ಮನೆಯಲ್ಲಿ ದುಡಿದವರೆಲ್ಲ ಒಂದಲ್ಲ ಒಂದು ಬಗೆಯಲ್ಲಿ ನೆಂಟರು. ಒಂದು ಮಗ್ಗದಲ್ಲಿ ಮಾವ, ಪಕ್ಕದ್ದರಲ್ಲಿ ಮಾವನ ತಮ್ಮ, ರಾಟೆಯ ಮುಂದೆ ಅತ್ತೆ, ನೂಲಿನ ಲಡಿ ಬಿಡಿಸುವುದಕ್ಕೆ ಯಾರದೋ ಚಿಕ್ಕಮ್ಮ. ನೆಂಟರಿಗೆ ಸಂಬಳ ಕೊಡುವ ಪದ್ಧತಿಯಿಲ್ಲ, ನೆಂಟರು ರಜೆ ಕೇಳುವ ಪದ್ಧತಿಯೂ ಇಲ್ಲ. ಊಟ, ಬಟ್ಟೆ, ಬೈಗುಳ, ಮದುವೆಯ ಖರ್ಚು ಎಲ್ಲವೂ ಅದರೊಳಗೇ ಸೇರಿಹೋಗುತ್ತಿತ್ತು.

ನಾನು ಆ ಮನೆಗೆ ಕೊಳ್ಳೇಗಾಲದಿಂದ ಸೊಸೆಯಾಗಿ ಬಂದವಳು. ಎಂಬತ್ತರ ದಶಕದ ಮೊದಲ ವರ್ಷಗಳ ಮಾತು. ಉಡುಮಲೈಪೇಟೆಯ ನಮ್ಮ ನೇಕಾರರ ಬೀದಿಯಲ್ಲಿ ಮನೆಯೊಳಗೆಲ್ಲ ಕನ್ನಡ, ಹೊಸಿಲು ದಾಟಿದರೆ ತಮಿಳು. ಎಷ್ಟೋ ತಲೆಮಾರಿನಿಂದ ಅಲ್ಲೇ ಬೇರುಬಿಟ್ಟ ಜನ. ಕನ್ನಡ ಅಕ್ಷರ ಓದಲು ಬರುತ್ತಿದ್ದವಳು ಬೀದಿಗೆಲ್ಲ ನಾನೊಬ್ಬಳೇ ಇರಬೇಕು. ನಾನು ಬಾಯಿ ಬಿಟ್ಟರೆ ಸಾಕು, ಹೆಂಗಸರು ‘ರೇಡಿಯೋ ಕನ್ನಡ’ ಎಂದು ಸೆರಗು ಬಾಯಿಗಿಟ್ಟು ನಗುತ್ತಿದ್ದರು. ಅವರ ಕನ್ನಡದಲ್ಲಿ ಕೆಲಸಕ್ಕೆ ವೇಲೆ, ಕಾನೂನಿಗೆ ಸಟ್ಟ, ರಜೆಗೆ ಲೀವು. ಮೊದಮೊದಲು ನನಗೆ ಸಿಟ್ಟು ಬರುತ್ತಿತ್ತು. ಆಮೇಲಾಮೇಲೆ ನಾನೇ ತೌರಿಗೆ ಹೋದಾಗ ‘ವೇಲೆ’ ಎಂದು ನಮ್ಮಮ್ಮನಿಂದ ಬೈಸಿಕೊಂಡೆ.

ಅತ್ತೆಯನ್ನು ನಾನು ಬಹಳ ಪ್ರೀತಿಸಿದೆ. ಇದನ್ನು ಈಗಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ಅವರ ಬಗ್ಗೆ ಬರೆಯುವುದನ್ನು ಓದಿ ಯಾರಾದರೂ ತಪ್ಪು ತಿಳಿದಾರು. ಜೋರುಬಾಯಿ, ಮೃದು ಕೈ. ಬೈಯುತ್ತಲೇ ತಲೆಗೆ ಎಣ್ಣೆ ಹಚ್ಚುವವರು. ಬೀದಿಗೆ ತೆರೆದುಕೊಂಡ ಮುಂದಿನ ಕೋಣೆಯನ್ನು ಸೀರೆ ಅಂಗಡಿ ಮಾಡಿದ್ದು ಅವರದೇ ಬುದ್ಧಿ. ಬೀದಿಯ ಮಗ್ಗಗಳಲ್ಲಿ ನೇಯ್ದ ನೂಲಿನ ಸೀರೆಯನ್ನು ದಲ್ಲಾಳಿಗೆ ಕೊಡುವ ಬದಲು ನಾವೇ ಮಾರಿದರೆ ಏನಂತೆ ಎಂದು ಹಟ ಹಿಡಿದು ಗೆದ್ದಿದ್ದರು. ಅಂಗಡಿ ನೋಡಿಕೊಳ್ಳುತ್ತಿದ್ದ ನನ್ನ ಗಂಡನಿಗೆ ನೂಲಿನ ಮಿಲ್ಲಿನಲ್ಲಿ ಶಿಫ್ಟ್ ಕೆಲಸ ಸಿಕ್ಕಿದ ಮೇಲೆ ಗಲ್ಲಾಪೆಟ್ಟಿಗೆ ಅತ್ತೆಯ ಪಾಲಿಗೆ ಬಂತು, ಸೀರೆ ಬಿಡಿಸಿ ತೋರಿಸುವುದು, ಮಡಿಸಿಡುವುದು ನನ್ನ ಪಾಲಿಗೆ. ಅತ್ತೆಗೆ ಮಂಡಿನೋವು, ನನಗೆ ಅಡುಗೆಮನೆ ಮತ್ತು ರಾಟೆ ಎರಡೂ ಇದ್ದವು. ಇನ್ನೊಬ್ಬರು ಬೇಕೇಬೇಕಾಯಿತು.

ಹಾಗೆ ಬಂದವಳು ಕಿಣತ್ತುಕಡವು ಕಡೆಯ ಬೇಸಾಯದ ಮನೆಯ ಹೆಂಗಸು. ಅವಳದೂ ಮನೆಮಾತು ಕನ್ನಡವೇ, ನಮ್ಮ ನೇಕಾರರ ಕನ್ನಡಕ್ಕಿಂತ ಸ್ವಲ್ಪ ಬೇರೆ ಧಾಟಿ. ಗಂಡ ತೀರಿಕೊಂಡ ಮೇಲೆ ನಮ್ಮ ಪಕ್ಕದ ಬೀದಿಯಲ್ಲಿ ಬಾಡಿಗೆ ಕೋಣೆ ಹಿಡಿದಿದ್ದಳು. ನನಗಿಂತ ಒಂದಷ್ಟು ದೊಡ್ಡವಳು, ಹಾಗಾಗಿ ನಾನು ಅಕ್ಕ ಎಂದೆ. ಅವಳು ನನ್ನನ್ನು ಆ ಕಡೆಯ ರೂಢಿಯಂತೆ ಅಮ್ಮಣಿ ಎಂದಳು. ಅತ್ತೆ ಅವಳನ್ನು ಏನು ಬರುತ್ತದೆ, ಎಲ್ಲಿ ಕೆಲಸ ಮಾಡಿದ್ದೆ ಎಂದೆಲ್ಲ ಕೇಳಲಿಲ್ಲ. ತಟ್ಟೆ ಹಾಕಿ ಎದುರಿಗೆ ಕೂತು ಇಡ್ಲಿ ಬಡಿಸಿದರು. ನಮ್ಮ ಮನೆಯಲ್ಲಿ ಕೆಲಸಕ್ಕೆ ಬಂದವರ ಪರೀಕ್ಷೆ ಅದೇ. ನಾಚಿಕೊಂಡು ಅರ್ಧ ಬಿಟ್ಟು ಎದ್ದರೆ ಅವರು ನಿಲ್ಲುವವರಲ್ಲ ಎಂದು ಅತ್ತೆಯ ಲೆಕ್ಕ. ಅಕ್ಕ ಎಲ್ಲವನ್ನೂ ತಿಂದು, ಕೈ ತೊಳೆದು, ತಟ್ಟೆಯನ್ನೂ ತೊಳೆದಿಟ್ಟು ಬಂದು ಹೇಳಿದಳು.

“ಅಮ್ಮಾ, ನನಗೊಬ್ಬ ಮಗಳು ಉಂಟು. ಧಾರಾಪುರದಾಗೆ ಹಾಸ್ಟಲ್ಲಲ್ಲಿ ಓದ್ತಾಳೆ. ಭಾನುವಾರ ಒಂದಿನ ಮಾತ್ರ ನೋಡಕ್ಕೆ ಬಿಡ್ತಾರೆ. ಬೇರೆ ದಿನ ಬಾಗಿಲೇ ತೆಗೆಯಲ್ಲ.”

“ಅದಕ್ಕೇನು?” ಎಂದರು ಅತ್ತೆ. “ಕೇಳ್ಕಂಡು ಹೋಗು. ನಾನೇನು ಬೇಡ ಅಂತೀನಾ? ಇನ್ನುಮೇಲೆ ನೀನೂ ಈ ಮನೆ ಮಗಳೇ ಅಲ್ವಾ.”

ಅಕ್ಕನ ಮುಖ ಅರಳಿತು. ನಾನು ಮಾತ್ರ ಒಳಗೊಳಗೇ ನಕ್ಕೆ. ಏಕೆಂದರೆ ಅತ್ತೆ ನನ್ನನ್ನೂ ಮಗಳು ಎಂದೇ ಕರೆಯುತ್ತಿದ್ದರು, ಮತ್ತು ಸೊಸೆಯನ್ನು ಮಗಳು ಎಂದು ಕರೆಯುವ ಮನೆಯಲ್ಲಿ ಸೊಸೆಗೆ ಕೆಲಸ ಜಾಸ್ತಿ ಎಂಬುದು ನನಗೆ ಆಗಲೇ ಗೊತ್ತಾಗಿತ್ತು.

ಎದುರಿನ ಪಾತ್ರೆ ಅಂಗಡಿಯವರು ಅತ್ತೆಯನ್ನು ಹೆದರಿಸಿದರು. ಹೊರಗಿನವರನ್ನು ಸಂಬಳಕ್ಕಿಟ್ಟರೆ ಸರ್ಕಾರ ಬರುತ್ತದೆ, ತೆರಿಗೆ ಹಾಕುತ್ತದೆ, ಬಾಗಿಲಿಗೆ ಬೀಗ ಜಡಿಯುತ್ತದೆ ಎಂದು. ಅತ್ತೆಗೆ ಸರ್ಕಾರವೆಂದರೆ ಭಯ ಮತ್ತು ತಾತ್ಸಾರ ಎರಡೂ ಒಟ್ಟೊಟ್ಟಿಗೆ. ಮರುದಿನವೇ ಒಳ್ಳೆ ಸೀರೆ ಉಟ್ಟು, ಒಂದು ಚಿಪ್ಪು ಬಾಳೆಹಣ್ಣು ಹಿಡಿದು, ನನ್ನನ್ನೂ ಎಳೆದುಕೊಂಡು ಆಡಿಟರ ಹತ್ತಿರ ಹೊರಟರು. ಆಡಿಟರ ಆಫೀಸು ಔಷಧಿ ಅಂಗಡಿಯ ಮಹಡಿಯ ಮೇಲೆ. ಅವರು ಬಾಳೆಹಣ್ಣನ್ನು ನೋಡಿ ಗಾಬರಿಯಾದರು. ಬಹುಶಃ ಅದುವರೆಗೆ ಯಾರೂ ಅವರನ್ನು ಬಾಣಂತಿಯನ್ನು ನೋಡಲು ಬರುವಂತೆ ಬಂದು ನೋಡಿರಲಿಲ್ಲ.

ಅವರು ತಮಿಳಿನಲ್ಲಿ, ಬಹಳ ತಾಳ್ಮೆಯಿಂದ ಎಲ್ಲವನ್ನೂ ವಿವರಿಸಿದರು. ಕೈಮಗ್ಗದ ಬಟ್ಟೆಗೆ ಮಾರಾಟ ತೆರಿಗೆ ಇಲ್ಲ. ಆದಾಯ ತೆರಿಗೆ ಕಟ್ಟುವಷ್ಟು ನಿಮಗೆ ಬಂದರೆ ನಾನೇ ಬಾಳೆಹಣ್ಣು ತರುತ್ತೇನೆ. ಮುನಿಸಿಪಾಲಿಟಿಗೆ ಕಟ್ಟುವ ತೊಳಿಲ್ ವರಿ, ಅಂದರೆ ವೃತ್ತಿ ತೆರಿಗೆ, ಸಂಬಳ ಒಂದು ಮಟ್ಟ ದಾಟಿದರೆ ಮಾತ್ರ. ಪಿ.ಎಫ್., ಇ.ಎಸ್.ಐ. ಎಲ್ಲ ಇಪ್ಪತ್ತು ಜನ ಆದ ಮೇಲಿನ ಮಾತು.

ಅತ್ತೆ ಎದೆಯ ಮೇಲೆ ಕೈಯಿಟ್ಟು ಉಸಿರುಬಿಟ್ಟರು. “ಹಂಗಾರೆ ಏನೂ ಇಲ್ಲ ಅನ್ನಿ.”

“ಇದೆ ಅಮ್ಮಾ,” ಎಂದರು ಆಡಿಟರು. ಒಬ್ಬಳೇ ಇದ್ದರೂ ಅಂಗಡಿಗಳ ಕಾನೂನು ಉಂಟು. ದಿನಕ್ಕೆ ಎಂಟು ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ. ಹಾಜರಿ ಬರೆಯಬೇಕು, ಸಂಬಳ ಕೊಟ್ಟು ಸಹಿ ತೆಗೆದುಕೊಳ್ಳಬೇಕು. ಅವಳು ಹೀಗೇ ಕೆಲವು ತಿಂಗಳು ಮುಂದುವರಿದ ಮೇಲೆ ನಾಳೆಯಿಂದ ಬರಬೇಡ ಎನ್ನುವ ಹಾಗಿಲ್ಲ, ಕಾರಣ ಬೇಕು, ಮೊದಲೇ ತಿಳಿಸಬೇಕು. ವಾರದಲ್ಲಿ ಒಂದು ದಿನ ಪೂರ್ತಿ ಅಂಗಡಿ ಮುಚ್ಚಬೇಕು, ಅದು ಯಾವ ದಿನ ಎಂದು ಬೋರ್ಡು ಬರೆಸಿ ಎಲ್ಲರಿಗೂ ಕಾಣುವಂತೆ ಹಾಕಬೇಕು. ಆ ದಿನ ಅವಳಿಗೆ ರಜೆ, ಸಂಬಳ ಹಿಡಿಯುವಂತಿಲ್ಲ.

ಅತ್ತೆ ನನ್ನ ಕಡೆ ತಿರುಗಿ ಕನ್ನಡಕ್ಕಿಳಿದರು. “ಏನಮ್ಮಾ ಇದು? ಒಬ್ಬಳಿಗೆ ಅನ್ನ ಹಾಕಕ್ಕೆ ಇಷ್ಟು ಸಟ್ಟವಾ? ಮಗ್ಗದಲ್ಲಿ ಕೂತವರು ಗಂಟೆ ನೋಡ್ತಾರಾ? ಈ ಸಟ್ಟ ಎಲ್ಲಾರ್ಗೂನಾ, ಕೇಳು.”

ಕೇಳಿದೆ. ಮನೆಯವರಿಗೆ ಇಲ್ಲ ಎಂದರು ಆಡಿಟರು. ಗಂಡ, ಹೆಂಡತಿ, ಮಗ, ಮಗಳು, ತಂದೆತಾಯಿ, ಅಣ್ಣತಮ್ಮ, ಅಕ್ಕತಂಗಿ, ಇವರು ಅಂಗಡಿಯಲ್ಲಿ ಎಷ್ಟು ದುಡಿದರೂ ಕಾನೂನಿನ ಕಣ್ಣಿಗೆ ಕೆಲಸದವರಲ್ಲ.

“ಸೊಸೆ?” ಎಂದೆ ನಾನು.

ಅವರು ಸ್ವಲ್ಪ ತಡವರಿಸಿ, ಅದೇ ಮನೆಯಲ್ಲಿದ್ದು ಅದೇ ಮನೆಯ ಅನ್ನ ತಿನ್ನುವವಳಲ್ಲವೇ, ಅವಳೂ ಇಲ್ಲ ಎಂದರು. ನನಗೆ ರಜೆಯಿಲ್ಲ ಎಂಬುದು ಮದರಾಸಿನ ಸರ್ಕಾರಕ್ಕೂ ಗೊತ್ತಿದೆ ಎಂದು ಅವತ್ತು ತಿಳಿಯಿತು. ಅತ್ತೆಯ ಮುಖದಲ್ಲಿ ಮಾತ್ರ ಏನೋ ಹೊಳೆದ ಕಳೆ. ಮೆಟ್ಟಿಲು ಇಳಿಯುವಾಗ ಮಂಡಿನೋವನ್ನೂ ಮರೆತಿದ್ದರು.

ಮನೆಗೆ ಬಂದು ನಾನು ಒಂದು ಹಾಜರಿ ಪುಸ್ತಕ ಹೊಲಿದೆ. ಅತ್ತೆ ಅದನ್ನು ಗಲ್ಲಾಪೆಟ್ಟಿಗೆಯ ಅಡಿಗೆ ತಳ್ಳಿದರು. ಬೋರ್ಡು ಬರೆಸುವುದನ್ನು ಮಾತ್ರ ತಾವೇ ವಹಿಸಿಕೊಂಡರು. ಮೂರನೆಯ ದಿನ ನೀಲಿ ಬಣ್ಣದ ಹಲಗೆಯ ಮೇಲೆ ಬಿಳಿಯ ತಮಿಳು ಅಕ್ಷರದಲ್ಲಿ ಬೋರ್ಡು ಬಂತು. ಬಸ್ಸಿನ ಬೋರ್ಡು ಓದಿ ಓದಿ ಕಲಿತ ನನ್ನ ತಮಿಳಿನಲ್ಲಿ ಅದನ್ನು ಕೂಡಿಸಿಕೊಂಡು ಓದಿದೆ. ‘ಅಮಾವಾಸ್ಯೆ ರಜೆ’ ಎಂದಿತ್ತು.

ನೇಕಾರರ ಬೀದಿಯಲ್ಲಿ ಹುಟ್ಟದವರಿಗೆ ಇದು ಹುಚ್ಚು ಅನ್ನಿಸಬಹುದು. ನಮ್ಮಲ್ಲಿ ಮಗ್ಗ ನಿಲ್ಲುವುದು ಅಮಾವಾಸ್ಯೆಗೆ. ಅವತ್ತು ಬೀದಿಯಲ್ಲಿ ಲಾಳಿಯ ಸದ್ದೇ ಇಲ್ಲ. ಗಂಡಸರು ಎಣ್ಣೆ ಸ್ನಾನ ಮಾಡುತ್ತಾರೆ, ಮಗ್ಗದ ಗುಂಡಿ ಗುಡಿಸಿ, ಕುಂಕುಮ ಇಟ್ಟು, ಕುಲದೇವತೆ ಚೌಡಮ್ಮನಿಗೆ ಕೈಮುಗಿದು, ವಡೆ ಪಾಯಸ ಉಂಡು ಮಲಗುತ್ತಾರೆ. ಅಜ್ಜಂದಿರ ಅಜ್ಜಂದಿರೂ ಅವತ್ತು ನೂಲು ಮುಟ್ಟಿದವರಲ್ಲ. ಭಾನುವಾರ ಸೋಮವಾರ ಎಂಬ ವ್ಯತ್ಯಾಸ ಕೊಳ್ಳೇಗಾಲದ ನಮ್ಮ ಮನೆಯಲ್ಲೂ ಇರಲಿಲ್ಲ.

“ಅತ್ತೆ, ಅವರು ಹೇಳಿದ್ದು ವಾರಕ್ಕೊಂದು ದಿನ,” ಎಂದೆ.

“ವಾರ ಯಾರು ಮಾಡಿದ್ದು? ಮನುಷ್ಯ ಮಾಡಿದ್ದು. ಅಮಾವಾಸ್ಯೆ ದೇವರು ಮಾಡಿದ್ದು. ಯಾವುದು ದೊಡ್ಡದು?”

ಅಮಾವಾಸ್ಯೆಯೇ ದೊಡ್ಡದಿರಬಹುದು. ಆದರೆ ಅಮಾವಾಸ್ಯೆ ಭಾನುವಾರವೇ ಬರುವುದು ಅಪರೂಪ, ಅಕ್ಕನ ಮಗಳ ಹಾಸ್ಟೆಲಿನ ಬಾಗಿಲು ಭಾನುವಾರ ಮಾತ್ರ ತೆರೆಯುತ್ತದೆ. ಬೋರ್ಡು ನೋಡಿದ ಕೂಡಲೇ ಅಕ್ಕನಿಗೆ ಅದು ಅರ್ಥವಾಯಿತು. ಮೊದಲ ಅಮಾವಾಸ್ಯೆ ವಾರದ ನಡುವೆ ಬಂತು. ಅಕ್ಕ ಬಸ್ಸು ಹತ್ತಿ ಧಾರಾಪುರಕ್ಕೆ ಹೋದಳು, ಒಂದು ವೇಳೆ ಬಿಟ್ಟಾರೇನೋ ಎಂದು. ಬಿಡಲಿಲ್ಲ. ಕಾಂಪೌಂಡಿನ ಆಚೆ ಮಕ್ಕಳು ಪಾಠ ಒಪ್ಪಿಸುವ ಸದ್ದು ಕೇಳಿಸಿಕೊಂಡು, ಅದರಲ್ಲಿ ತನ್ನ ಮಗಳ ದನಿ ಯಾವುದು ಎಂದು ಹುಡುಕಿ, ತಿರುಗಿ ಬಂದಳು. ಮರುದಿನ ಸೀರೆ ಮಡಿಸುತ್ತಾ ನನಗೆ ನಗುನಗುತ್ತಲೇ ಹೇಳಿದಳು. ನನಗೆ ನಗು ಬರಲಿಲ್ಲ.

ಹಾಗಾಗಿ ಅವಳಿಗೆ ಉಳಿದದ್ದು ಕೇಳಿಕೊಂಡು ಹೋಗುವ ದಾರಿ. ಪ್ರತಿ ಶನಿವಾರ ಸಂಜೆ ಸೀರೆಯನ್ನೆಲ್ಲ ಬೀರುವಿಗೆ ಸೇರಿಸಿ, ಅಂಗಡಿ ಗುಡಿಸಿ, ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಅತ್ತೆಯ ಮುಂದೆ ನಿಲ್ಲುತ್ತಿದ್ದಳು. ಅತ್ತೆ ಗೊತ್ತಿದ್ದೂ ಗೊತ್ತಿಲ್ಲದವರಂತೆ “ಏನು?” ಎನ್ನುವರು. “ನಾಳೆ ಮಗಳ್ನ ನೋಡಿ ಬರ್ಲಾ ಅಮ್ಮಾ?” ಎಂದು ಇವಳು. “ಹೋಗು ಹೋಗು, ನಾನೇನು ಕಟ್ಟಿಹಾಕಿದೀನಾ?” ಎಂದು ಅವರು. ಬರಿಗೈಯಲ್ಲಿ ಕಳಿಸಿದವರಲ್ಲ. ಮುರುಕು, ಕಡಲೆಮಿಠಾಯಿ, ತಲೆಗೆ ಹಚ್ಚಲು ತೆಂಗಿನೆಣ್ಣೆ, ಒಮ್ಮೆ ಉಳಿದ ತುಂಡುಬಟ್ಟೆಯಲ್ಲಿ ತಾವೇ ಹೊಲಿದ ಲಂಗ. ಕೊಡುವ ಸುಖ ಅವರ ಮುಖದಲ್ಲೆಲ್ಲ ಕಾಣುತ್ತಿತ್ತು. ಬಹುಶಃ ಕೇಳಿಸಿಕೊಳ್ಳುವ ಸುಖವೂ ಇತ್ತು. ಅಕ್ಕನ ಮುಖ ಮಾತ್ರ ಶುಕ್ರವಾರದಿಂದಲೇ ಸಣ್ಣಗಾಗುತ್ತಿತ್ತು. ಹೂಂ ಅನ್ನುವುದೋ ಊಹೂಂ ಅನ್ನುವುದೋ, ಅದು ಇನ್ನೊಬ್ಬರ ಬಾಯಲ್ಲಿತ್ತಲ್ಲ.

ಒಂದು ಶನಿವಾರ ಊಹೂಂ ಬಂತು. ಮರುದಿನ ಮದುವೆ ಜವಳಿಗೆಂದು ದೊಡ್ಡ ಕುಟುಂಬವೊಂದು ಬರುವುದಿತ್ತು. “ಈ ವಾರ ಬೇಡ ಕಣ್ಣು, ಮುಂದಿನ ವಾರ ಹೋಗು. ಸೇರಿಸಿ ಎರಡು ಪಾಲು ಮುರುಕು ಕೊಡ್ತೀನಿ,” ಎಂದರು ಅತ್ತೆ. ಮಕ್ಕಳನ್ನು ಮುದ್ದಿಗೆ ಕರೆಯುವಂತೆ ಕಣ್ಣು ಎಂದು ಕರೆದೇ ಬೇಡ ಎಂದರು. ಅಕ್ಕ “ಸೆರಿ ಅಮ್ಮಾ” ಎಂದಳು. ಭಾನುವಾರವಿಡೀ ನಗುತ್ತಾ ಸೀರೆ ಬಿಡಿಸಿ ತೋರಿಸಿದಳು. ವ್ಯಾಪಾರ ಚೆನ್ನಾಗಿ ಆಯಿತು. ಅತ್ತೆ ಖುಷಿಯಲ್ಲಿ ಅವಳಿಗೊಂದು ಸೀರೆ ಕೊಟ್ಟರು.

ಮುಂದಿನ ಭಾನುವಾರ ಧಾರಾಪುರದಿಂದ ಬಂದವಳು ಅಡುಗೆಮನೆಯಲ್ಲಿ ನನ್ನ ಪಕ್ಕ ಕುಕ್ಕರಿಸಿ ಕೂತಳು. “ಮಗಳು ಮಾತೇ ಆಡಲಿಲ್ಲ ಅಮ್ಮಣಿ. ಹೋದ ವಾರ ಗೇಟು ಮುಚ್ಚೋವರೆಗೂ ಅಲ್ಲೇ ನಿಂತಿದ್ದಳಂತೆ. ಊಟಕ್ಕೂ ಹೋಗಲಿಲ್ಲವಂತೆ. ಹಾಸ್ಟಲ್ ನೋಡ್ಕೊಳೋ ಮದರ್ ಹೇಳಿದ್ರು. ಅಮ್ಮನಿಗೆ ಹೇಳ್ಬೇಡ, ಪಾಪ, ನೊಂದ್ಕೋತಾರೆ.” ನನಗೆ ಆ ‘ಪಾಪ’ ಕೇಳಿ ಉರಿಯಿತು. ಗಲ್ಲಾಪೆಟ್ಟಿಗೆಯ ಅಡಿಯಿಂದ ಹಾಜರಿ ಪುಸ್ತಕ ಎಳೆದು ತಂದು, ಆಡಿಟರು ಹೇಳಿದ್ದನ್ನೆಲ್ಲ ಒಂದೂ ಬಿಡದೆ ಅವಳಿಗೆ ಹೇಳಿದೆ. ವಾರಕ್ಕೊಂದು ದಿನ ನಿನ್ನದು, ಯಾರೂ ಕೊಡಬೇಕಾಗಿಲ್ಲ, ಆದರೆ ಮನೆಯ ಮಗಳಾದರೆ ಅದಿಲ್ಲ ಎಂದೆ. ಅವಳು ಬೆರಗಾಗಿ ಕೇಳಿದಳು. ಆಮೇಲೆ, “ಬೇಡ ಅಮ್ಮಣಿ, ಅನ್ನ ಹಾಕಿದ ಕೈ,” ಎಂದು ಎದ್ದುಹೋದಳು.

ಕೊನೆಗೂ ಸರ್ಕಾರ ಬಂತು. ಬಿಸಿಲಿನ ಒಂದು ಮಧ್ಯಾಹ್ನ, ಸೈಕಲ್ಲಿನಲ್ಲಿ, ಬೆವರು ಒರೆಸಿಕೊಳ್ಳುತ್ತಾ. ಲೇಬರ್ ಇನ್ಸ್‌ಪೆಕ್ಟರು ಎಂದರೆ ಮೀಸೆ ಬೂಟು ಇರುತ್ತದೆ ಎಂದು ನಾವು ಅಂದುಕೊಂಡಿದ್ದೆವು. ಇವರು ಸಣ್ಣ ಮನುಷ್ಯ, ಕಂಕುಳಲ್ಲಿ ಚರ್ಮದ ಚೀಲ, ಹವಾಯಿ ಚಪ್ಪಲಿ. ಅತ್ತೆ ಕೊಟ್ಟ ಮಜ್ಜಿಗೆಯನ್ನು ಬೇಡವೆಂದು ನೀರು ಮಾತ್ರ ಕುಡಿದರು. ತಲೆಯೆತ್ತಿ ಬೋರ್ಡು ನೋಡಿದರು. ಇನ್ನೊಮ್ಮೆ ನೋಡಿದರು. ಆಮೇಲೆ ನಗಲು ಶುರುಮಾಡಿದರು, ಕನ್ನಡಕ ತೆಗೆದು ಕಣ್ಣು ಒರೆಸಿಕೊಳ್ಳುವಷ್ಟು.

“ಅಮ್ಮಾ, ಇಷ್ಟು ವರ್ಷದ ಸರ್ವೀಸಿನಲ್ಲಿ ಚಂದ್ರನ ಲೆಕ್ಕದಲ್ಲಿ ರಜೆ ಕೊಡುವ ಅಂಗಡಿ ನಾನು ನೋಡಿರಲಿಲ್ಲ,” ಎಂದರು ತಮಿಳಿನಲ್ಲಿ. “ವಾರದ ರಜೆ ಎಲ್ಲಿ? ಕೆಲಸದವರು ಎಷ್ಟು ಜನ?”

ಅತ್ತೆಗೆ ನಗೆಪಾಟಲಾದದ್ದು ಸಹಿಸಲಾಗಲಿಲ್ಲ. ಬೆನ್ನು ನೆಟ್ಟಗೆ ಮಾಡಿ, ತಾವೂ ತಮಿಳಿನಲ್ಲೇ ಹೇಳಿದರು. “ಇಲ್ಲಿ ಕೆಲಸದವರು ಯಾರೂ ಇಲ್ಲ ಸಾರ್. ಎಲ್ಲ ಮನೆಯವರೇ. ಇವಳು ನನ್ನ ಸೊಸೆ. ಅವಳು ನನ್ನ ಮಗಳು. ಮನೆಯವರಿಗೆ ನಿಮ್ಮ ಸಟ್ಟ ಇಲ್ಲವಲ್ಲ?”

ಆಡಿಟರ ಮೆಟ್ಟಿಲಿನಲ್ಲಿ ಹೊಳೆದದ್ದು ಇದೇ. ಆದರೆ ಅವರು ಬರೀ ಸುಳ್ಳು ಹೇಳಿದರು ಎಂದು ನಾನು ಹೇಳಲಾರೆ. ಅವರಿಗೆ ಇದ್ದದ್ದು ಒಬ್ಬನೇ ಮಗ. ಹೆಣ್ಣುಮಗುವಿನ ಆಸೆ ತೀರಿರಲಿಲ್ಲ. ಅಕ್ಕನಿಗೆ ಜ್ವರ ಬಂದಾಗ ತಲೆದಿಂಬಿನ ಬಳಿ ಕೂತಿದ್ದವರು ಅವರೇ. ಅಧಿಕಾರಿಯಿಂದ ತಪ್ಪಿಸಿಕೊಳ್ಳಲು ಹೇಳಿದ ಮಾತನ್ನು ಅವರು ಮನಸಾರೆ ನಂಬಿದ್ದರು. ಕಷ್ಟ ಇದ್ದದ್ದೇ ಅಲ್ಲಿ.

ಆ ಹೊತ್ತಿಗೆ ನಾನೂ ಅಕ್ಕನೂ ಒಂದು ಸೀರೆ ಮಡಿಸುತ್ತಿದ್ದೆವು, ಆ ತುದಿ ಅವಳ ಕೈಯಲ್ಲಿ, ಈ ತುದಿ ನನ್ನ ಕೈಯಲ್ಲಿ. ಇನ್ಸ್‌ಪೆಕ್ಟರು ಅವಳ ಕಡೆ ತಿರುಗಿ, “ಏನಮ್ಮಾ, ನೀವು ಇವರ ಮಗಳೇ?” ಎಂದರು. ಸೀರೆ ಬಿಗಿಯಾಯಿತು. ಅವಳು ಹೂಂ ಎಂದರೆ ಭಾನುವಾರ ಇನ್ನೆಂದಿಗೂ ಅವಳದಲ್ಲ. ಇಲ್ಲ ಎಂದರೆ ಅನ್ನ ಹಾಕಿದವರಿಗೆ ಅಧಿಕಾರಿಯ ಮುಂದೆ ಅವಮಾನ, ಕೆಲಸವೂ ಹೋಗಬಹುದು.

“ಇಲ್ಲ ಸಾರ್,” ಎಂದಳು ಅಕ್ಕ. “ನಾನು ಇಲ್ಲಿ ವೇಲೆ ಮಾಡ್ತೀನಿ. ಅಮ್ಮ ನನ್ನ ಮಗಳ ಹಂಗೇ ನೋಡ್ಕೋತಾರೆ, ಅದು ನಿಜ. ಆದ್ರೆ ಮಗಳಾದ್ರೆ ನನಗೆ ಭಾನುವಾರ ಇಲ್ಲ ಸಾರ್. ನನಗೂ ಒಬ್ಬ ಮಗಳಿದ್ದಾಳೆ.”

ಇನ್ಸ್‌ಪೆಕ್ಟರ ನಗು ನಿಂತಿತು. ಅವರು ಕೂಗಾಡಲಿಲ್ಲ, ದಂಡ ಹಾಕಲಿಲ್ಲ. ವಾರದ ರಜೆಯ ಬೋರ್ಡು ಹಾಕಿ, ಹಾಜರಿ ಬರೆಯಿರಿ, ಮುಂದಿನ ಸಲ ಬಂದಾಗ ನೋಡುತ್ತೇನೆ ಎಂದು ಹೇಳಿ, ಚೀಲ ಕಂಕುಳಿಗೆ ಸಿಕ್ಕಿಸಿಕೊಂಡು ಹೊರಟರು. ಹೋಗುವಾಗ ಅತ್ತೆಗೆ ಕೈಮುಗಿದರು. ಅತ್ತೆ ಮುಗಿಯಲಿಲ್ಲ. ಎದ್ದು ಸೀದಾ ಮಗ್ಗದ ಕೋಣೆಗೆ ಹೋದರು.

ಅವತ್ತಿನಿಂದ ಕೆಲವು ದಿನ ಮನೆಯಲ್ಲಿ ಲಾಳಿಯದೊಂದೇ ಸದ್ದು. ಅತ್ತೆ ಅಕ್ಕನಿಗೆ ಊಟ ಬಡಿಸುವುದನ್ನು ನಿಲ್ಲಿಸಲಿಲ್ಲ, ಎದುರಿಗೆ ಕೂರುವುದನ್ನು ನಿಲ್ಲಿಸಿದರು. ಅಕ್ಕ ದಿನಾ ಇವತ್ತೇ ಕೊನೆ ಎಂದುಕೊಂಡು ಬರುತ್ತಿದ್ದಳು. ಒಂದು ಬೆಳಿಗ್ಗೆ ರಾಟೆಯ ಮುಂದೆ ಅತ್ತೆ ನನಗೆ ಹೇಳಿದರು. “ನಾನು ಅವಳಿಗೆ ಏನು ಕಮ್ಮಿ ಮಾಡಿದ್ದೆ ಹೇಳು. ಊರೋರ ಮುಂದೆ ನನ್ನ ಮಗಳಲ್ಲ ಅಂದುಬಿಟ್ಟಳಲ್ಲ.” ಕಣ್ಣು ತುಂಬಿತ್ತು. ನನಗೆ ಕರುಳು ಚುರುಕ್ಕೆಂದಿತು. ಆದರೆ ನನ್ನ ನಾಲಿಗೆಗೆ ಕರುಳಿನ ಪರಿಚಯ ಕಡಿಮೆ.

“ನನ್ನನ್ನೂ ಮಗಳು ಅಂತೀರಲ್ಲ ಅತ್ತೆ,” ಎಂದೆ. “ನಾನು ಕೊನೇ ಸಲ ತೌರಿಗೆ ಹೋಗಿದ್ದು ಯಾವಾಗ ಹೇಳಿ ನೋಡೋಣ.”

ಅತ್ತೆ ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ. ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂತಿದ್ದ ಮಾವ ಲಾಳಿ ನಿಲ್ಲಿಸಿದರು. ಮಾವ ಮಾತಾಡುವುದಕ್ಕಾಗಿ ಮಗ್ಗ ನಿಲ್ಲಿಸಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. “ಅವಳು ಅಂದಿದ್ದು ನೀನು ಬೇಡ ಅಂತಲ್ಲ,” ಎಂದರು. “ಕೇಳಿ ಕೇಳಿ ಸಾಕಾಯ್ತು ಅಂತ.” ಮತ್ತೆ ಲಾಳಿ ಹೊಡೆದರು.

ಆ ವಾರವೇ ಬೋರ್ಡು ಇಳಿಯಿತು. ಬರೆಯುವವನನ್ನು ಕರೆಸಿ ಅತ್ತೆ ಪಕ್ಕದಲ್ಲೇ ನಿಂತು ಬರೆಸಿದರು. ಅಮಾವಾಸ್ಯೆಯನ್ನು ಅಳಿಸಲು ಒಪ್ಪಲಿಲ್ಲ. ಅದರ ಕೆಳಗೆ ಭಾನುವಾರ ಸೇರಿಸಿದರು. ಸರ್ಕಾರ ಕೇಳಿದ್ದಕ್ಕಿಂತ ಒಂದು ದಿನ ಜಾಸ್ತಿಯೇ ಆಯಿತು ಎಂದು ನಾನು ಹೇಳಿದರೆ, “ಆಗ್ಲಿ, ಅವರ ಹತ್ರ ಕಮ್ಮಿ ಅನ್ನಿಸ್ಕಬಾರದು,” ಎಂದರು. ಭಾನುವಾರದ ಗಿರಾಕಿಗಳು ಮುಚ್ಚಿದ ಬಾಗಿಲು ನೋಡಿ ಮುಂದಿನ ಅಂಗಡಿಗೆ ಹೋಗುತ್ತಾರೆ ಎಂಬುದು ಅವರಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ನನ್ನನ್ನು ಕರೆದು ಹಾಜರಿ ಪುಸ್ತಕವನ್ನೂ ಗಲ್ಲಾಪೆಟ್ಟಿಗೆಯ ಮೇಲಕ್ಕೆ ತೆಗೆಸಿದರು. ಶನಿವಾರ ಸಂಜೆ ಅಕ್ಕ ಅಂಗಡಿ ಗುಡಿಸಿ, ಅಭ್ಯಾಸಬಲದಿಂದ ಅತ್ತೆಯ ಮುಂದೆ ಬಂದು ನಿಂತಳು. ಬಾಯಿ ತೆರೆದು, ಮತ್ತೆ ಮುಚ್ಚಿ, “ಸೋಮವಾರ ಬರ್ತೀನಿ ಅಮ್ಮಾ,” ಎಂದಳು. ಅತ್ತೆ ಹೂಂ ಎಂದರು, ಕತ್ತು ಮಾತ್ರ ಎತ್ತಲಿಲ್ಲ.

ಭಾನುವಾರ ಬೆಳಿಗ್ಗೆ ಅತ್ತೆಗೆ ಏನು ಮಾಡಬೇಕೆಂದು ತೋಚಲಿಲ್ಲ. ಜೀವಮಾನದಲ್ಲಿ ವಾರದ ರಜೆ ಎಂಬುದನ್ನು ಕಂಡವರಲ್ಲ. ಮುಚ್ಚಿದ ಅಂಗಡಿಯೊಳಗೆ ಹೋಗಿ ಕೂತರು, ಎದ್ದರು, ಒಲೆಯ ಮುಂದೆ ಬಂದು ನನ್ನ ಸಾರಿಗೆ ಉಪ್ಪು ಹೆಚ್ಚೆಂದರು. ಆಮೇಲೆ ಇದ್ದಕ್ಕಿದ್ದಂತೆ ಸೀರೆ ಬದಲಾಯಿಸಿ, ಮುರುಕಿನ ಪೊಟ್ಟಣ ಕಟ್ಟಿ, “ನೀನೂ ಬಾ, ನಿನಗೂ ಲೀವು,” ಎಂದರು. ಬಸ್ ಸ್ಟ್ಯಾಂಡಿನಲ್ಲಿ ಧಾರಾಪುರದ ಬಸ್ಸಿಗೆ ಕಾಯುತ್ತಿದ್ದ ಅಕ್ಕನ ಮುಖದ ಬಣ್ಣ ನಮ್ಮನ್ನು ನೋಡಿ ಇಳಿಯಿತು. ಅಂಗಡಿಗೆ ವಾಪಸು ಕರೆದೊಯ್ಯಲು ಬಂದಿದ್ದಾರೆ ಎಂದುಕೊಂಡಳಂತೆ. “ಅದೇನು ಹಾಸ್ಟಲ್ಲೋ ನಾನೂ ನೋಡ್ತೀನಿ,” ಎಂದು ಅತ್ತೆ ಬಸ್ಸು ಹತ್ತಿದರು. ದಾರಿಯುದ್ದಕ್ಕೂ ಮೂವರೂ ತೆಂಗಿನ ತೋಟ ನೋಡಿದೆವು.

ಗೇಟಿನಲ್ಲಿ ಕಾವಲುಗಾರ ಅಕ್ಕನನ್ನು ಗುರುತು ಹಿಡಿದು ಒಳಗೆ ಬಿಟ್ಟ. ಅತ್ತೆಯನ್ನು ತಡೆದು, “ನೀವು ಮಗುವಿಗೆ ಏನಾಗಬೇಕು?” ಎಂದ. ಅಕ್ಕ ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಅತ್ತೆಯೇ ಹೇಳಿದರು. “ಏನೂ ಆಗಬೇಕಿಲ್ಲ. ಅವರಮ್ಮ ವೇಲೆ ಮಾಡೋ ಅಂಗಡಿಯವಳು ನಾನು.”

“ಹಾಗಾದರೆ ಹೊರಗೇ ಇರಿ. ಒಳಗೆ ಮನೆಯವರಿಗೆ ಮಾತ್ರ.”

ಈಗ ಜಗಳ ಶುರುವಾಗುತ್ತದೆ ಎಂದು ನಾನು ಸೆರಗು ಬಿಗಿಮಾಡಿದೆ. ಅತ್ತೆ “ಸೆರಿ, ಸಟ್ಟ ಅಲ್ವಾ,” ಎಂದು ಅಲ್ಲೇ ಬೇವಿನ ಮರದ ಬುಡದಲ್ಲಿ ಕೂತರು. ಕಂಬಿಗಳ ನಡುವೆ ಜಗುಲಿ ಕಾಣುತ್ತಿತ್ತು. ಅಕ್ಕ ಮಗಳನ್ನು ಮುಂದೆ ಕೂರಿಸಿಕೊಂಡು ತಲೆ ಬಾಚುತ್ತಿದ್ದಳು. ಹುಡುಗಿ ಒಂದೇ ಸಮನೆ ಮಾತಾಡುತ್ತಿದ್ದಳು. ಹೆಣೆದ ಜಡೆ ಬಿಚ್ಚಿ ಅಕ್ಕ ಮತ್ತೆ ಹೆಣೆದಳು, ಹೊತ್ತು ಎಳೆಯುವುದಕ್ಕೆಂದೇ ಇರಬೇಕು. ಅತ್ತೆ ಕಣ್ಣು ಕೀಳದೆ ನೋಡುತ್ತಿದ್ದರು. ಬಿಸಿಲು ಕಾಲ ಮೇಲೆ ಬಂದರೂ ಜರುಗಲಿಲ್ಲ.

ಗಂಟೆ ಹೊಡೆದ ಮೇಲೆ ಅಕ್ಕ ಮಗಳನ್ನು ಗೇಟಿನವರೆಗೂ ಕರೆತಂದಳು. ಅತ್ತೆ ಎದ್ದು ಕಂಬಿಯೊಳಗಿಂದ ಪೊಟ್ಟಣ ಚಾಚಿದರು. ಹುಡುಗಿ ತೆಗೆದುಕೊಳ್ಳುವ ಮೊದಲು ಕೇಳಿದಳು. “ಯಾರವ್ವಾ ಇವ್ರು?”

“ಅಂಗಡಿ ಅಮ್ಮ.”

ಹುಡುಗಿ ಅತ್ತೆಯನ್ನು ಮೇಲಿಂದ ಕೆಳಗೆ ನೋಡಿದಳು. “ಅವತ್ತು ನಿನ್ನ ಬಿಡದೇ ಇದ್ದ ಅಮ್ಮನಾ? ನಾನು ಇಲ್ಲೇ ನಿಂತಿದ್ನಲ್ಲ, ಗೇಟು ಮುಚ್ಚೋವರೆಗೂ.”

ಅಕ್ಕ ಅವಳ ಬಾಯಿ ಮುಚ್ಚಲು ಹೋದಳು. ಅತ್ತೆ ಬೇಡವೆಂದು ಕೈಮಾಡಿದರು. ಆ ಮಂಡಿನೋವಿನಲ್ಲಿ, ಕಂಬಿ ಹಿಡಿದುಕೊಂಡು, ಹುಡುಗಿಯ ಮುಖದ ಎತ್ತರಕ್ಕೆ ಬರುವವರೆಗೆ ನಿಧಾನವಾಗಿ ಕೂತರು.

“ನಾನೇ ಕಣ್ಣು,” ಎಂದರು. “ಇನ್ನುಮೇಲೆ ನಿಮ್ಮವ್ವ ನನ್ನ ಕೇಳ್ಕಂಡು ಬರಬೇಕಾಗಿಲ್ಲ. ನಾನು ಬರ್ಬೇಕು ಅಂದ್ರೆ ಅವಳ್ನ ಕೇಳ್ಕಂಡು ಬರ್ತೀನಿ. ಬರ್ಲಾ?”

ಹುಡುಗಿ ಅಮ್ಮನ ಮುಖ ನೋಡಿದಳು. ಅಕ್ಕ ಅಳುತ್ತಲೇ ಹೂಂ ಎಂದಳು.